ಕೇರಿಗೆ ಬಂದಿರಿ ಸರಿ, ಪಂಕ್ತಿಗೆ ಯಾವಾಗ ಕರೀತೀರಿ?



ಪೋಸ್ಟ್ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಪೂರ್ತಿ ಓದಿ. ಬೈಯೋದಿದ್ರೆ ಆಮೇಲೆ ಬೈಯಿರಿ.

ಮೊನ್ನೆ ರಾತ್ರಿ ನಮ್ಮೂರ ಕೇರಿಯ ಹುಡುಗನೊಬ್ಬ ವಾಟ್ಸಾಪಿನಲ್ಲಿ ಒಂದು ಹಳೇ ಫೋಟೋ ಕಳಿಸಿದ. ಕಾವಿ ಉಟ್ಟ, ಸಣ್ಣ ದೇಹದ ಯತಿಯೊಬ್ಬರು ದಲಿತರ ಕೇರಿಯೊಳಗೆ ನಡೆದು ಬರುತ್ತಿದ್ದಾರೆ. ಎರಡೂ ಕಡೆ ಜನ ಕೈಮುಗಿದು ನಿಂತಿದ್ದಾರೆ. ಉಡುಪಿ ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿ. ಫೋಟೋ ಕೆಳಗೆ ಹುಡುಗ ಬರೆದಿದ್ದ: "ಅಣ್ಣಾ, ಮಠ ಅಂದ್ರೆ ಸಾಕು ನೀವು ಉರಿದು ಬೀಳ್ತೀರ. ಇವರು ನಮ್ಮೋರ ಕೇರಿಗೆ ಬಂದವರಲ್ವಾ? ಅಂಬೇಡ್ಕರ್ ಹೇಳಿದ್ದನ್ನ ಇವರು ಮಾಡಿ ತೋರಿಸಿಲ್ವಾ?"

ಹಿಂದೆಯೇ ಇನ್ನೊಂದು ಮೆಸೇಜು. ಮುಂದಿನ ತಿಂಗಳು ನಮ್ಮ ಕೇರಿಗೂ ಒಬ್ಬ ಸ್ವಾಮಿಗಳನ್ನು ಕರೆಸಿ ಪಾದಪೂಜೆ ಮಾಡಿಸೋದು ಅಂತ ಹುಡುಗರೆಲ್ಲ ಸೇರಿ ತೀರ್ಮಾನ ಮಾಡಿದ್ದಾರಂತೆ. ಮನೆಗೆ 500 ರೂಪಾಯಿ ವಂತಿಗೆ. "ನಿಮ್ಮ ಮನೆಯದ್ದೂ ಹಾಕ್ತೀರಲ್ವಾ ಅಣ್ಣಾ?"

ಅವನಿಗೆ ಅಲ್ಲೇ ಎರಡು ಸಾಲು ಟೈಪ್ ಮಾಡಿ ಕಳಿಸಬಹುದಿತ್ತು. ಆದರೆ ಇದು ಅವನೊಬ್ಬನ ಪ್ರಶ್ನೆ ಅಲ್ಲ. ಡಿಪ್ಲೊಮಾ, ಡಿಗ್ರಿ ಓದಿಕೊಂಡಿರೋ ನಮ್ಮ ನೂರಾರು ಹುಡುಗರ ಪ್ರಶ್ನೆ. ಅದಕ್ಕೇ ಎಲ್ಲರ ಮುಂದೆ ಉತ್ತರ ಕೊಡ್ತಿದೀನಿ.

ಮೊದಲಿಗೇ ಒಂದು ಮಾತು. ತೀರಿಕೊಂಡವರ ಮೇಲೆ ಕೆಸರು ಎರಚೋಕೆ ನಾನಿಲ್ಲಿ ಕೂತಿಲ್ಲ. ವಿಶ್ವೇಶತೀರ್ಥರ ಬಗ್ಗೆ ನಮ್ಮ ಕಡೆಯ ಕೆಲವರು ಬಾಯಿಗೆ ಬಂದಂತೆ ಬರೀತಾರೆ, ಅದು ನನಗೆ ಹಿಡಿಸಲ್ಲ. ಟೀಕೆ ಮಾಡಬೇಕಾದರೆ ಆ ಮನುಷ್ಯ ಮಾಡಿದ್ದನ್ನು ಮೊದಲು ಒಪ್ಪಿಕೊಳ್ಳಬೇಕು.

ಹುಟ್ಟಿದ್ದು 1931ರಲ್ಲಿ, ದಕ್ಷಿಣ ಕನ್ನಡದ ರಾಮಕುಂಜದಲ್ಲಿ. ಮನೆಯವರಿಟ್ಟ ಹೆಸರು ವೆಂಕಟರಮಣ. 1938ರಲ್ಲಿ, ಏಳನೇ ವಯಸ್ಸಿಗೆ ಸನ್ಯಾಸ. ಏಳು ವರ್ಷದ ಕೂಸಿಗೆ ಕಾವಿ ಉಡಿಸಿ ಪೀಠದ ಮೇಲೆ ಕೂರಿಸಿದರು. ಆ ಮಗುವನ್ನು "ನಿನಗೆ ಇದು ಬೇಕಾ" ಅಂತ ಯಾರು ಕೇಳಿದ್ದರು? ಜಾತಿ ನಮ್ಮ ಮಕ್ಕಳ ಕೈಗೆ ಪೊರಕೆ ಕೊಟ್ಟಿತು, ಅವರ ಮಕ್ಕಳ ಕೈಗೆ ದಂಡ ಕೊಟ್ಟಿತು. ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಪೊರಕೆ ಹಿಡಿದವನ ಕಾಲಿಗೆ ಯಾರೂ ಬೀಳಲಿಲ್ಲ. ಆದರೂ ಹುಟ್ಟೇ ಬದುಕನ್ನು ತೀರ್ಮಾನ ಮಾಡೋದು ಅಂದರೆ ಏನು ಅಂತ ಆ ಯತಿಗೆ ಸ್ವಂತ ಅನುಭವದಿಂದಲೇ ಗೊತ್ತಿರಬೇಕಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಬೆಳೆದು ಅವರು ಮಠದ ಗೋಡೆಯೊಳಗೆ ಸುಮ್ಮನೆ ಕೂತವರಲ್ಲ. 1956ರಲ್ಲಿ ಬೆಂಗಳೂರಿನಲ್ಲಿ ಪೂರ್ಣಪ್ರಜ್ಞ ವಿದ್ಯಾಪೀಠ ಕಟ್ಟಿದರು. ವಿದ್ಯಾರ್ಥಿನಿಲಯ, ಆಸ್ಪತ್ರೆ ಅಂತ ಓಡಾಡಿದರು. 1970ರ ಆಸುಪಾಸಿನಲ್ಲೇ ದಲಿತ ಕೇರಿಗಳಿಗೆ ಕಾಲಿಟ್ಟರು. ಆ ಕಾಲಕ್ಕೆ ಮಾಧ್ವ ಯತಿಯೊಬ್ಬ ಹೊಲಗೇರಿಗೆ ಬರೋದು ಸಣ್ಣ ಸಂಗತಿಯಲ್ಲ. ಅವರದೇ ಸಮಾಜದ ಸಂಪ್ರದಾಯಸ್ಥರು ಮೂಗು ಮುರಿದರು, ಟೀಕೆ ಮಾಡಿದರು. ಅದನ್ನೂ ಸಹಿಸಿಕೊಂಡರು. ಕೃಷ್ಣಾಪುರ, ಪಲಿಮಾರು, ಅದಮಾರು, ಪುತ್ತಿಗೆ, ಶಿರೂರು, ಸೋದೆ, ಕಾಣಿಯೂರು, ಪೇಜಾವರ, ಈ ಎಂಟು ಮಠಗಳ ಯತಿಗಳ ಪೈಕಿ ಕೇರಿ ಕಡೆ ಮುಖ ಮಾಡಿದವರಲ್ಲಿ ಮೊದಲು ನೆನಪಾಗೋದು ಅವರ ಹೆಸರೇ. 2017ರ ಜೂನ್‌ನಲ್ಲಿ ಕೃಷ್ಣಮಠದಲ್ಲಿ ಮುಸ್ಲಿಮರಿಗೆ ಇಫ್ತಾರ್ ಮಾಡಿಸಿ, ಅಲ್ಲೇ ನಮಾಜಿಗೂ ಜಾಗ ಕೊಟ್ಟಾಗ ಹಿಂದುತ್ವದ ಸಂಘಟನೆಗಳೇ ಅವರ ಮೇಲೆ ಮುಗಿಬಿದ್ದವು. ಆಗಲೂ ಹಿಂದೆ ಸರಿಯಲಿಲ್ಲ. ಇದನ್ನೆಲ್ಲ ಒಪ್ಪುತ್ತೀನಿ.

ಒಪ್ಪಿಕೊಂಡೇ ಕೇಳ್ತೀನಿ. ಕೇರಿಗೆ ಬಂದರು ಸರಿ. ಬಂದು ಹೋದ ಮೇಲೆ ಏನು ಬದಲಾಯ್ತು? ನಮ್ಮ ಕೇರಿಯಲ್ಲಿ ಅಲ್ಲ ಸ್ವಾಮೀ, ಅವರ ಮನೆಯಲ್ಲಿ ಏನು ಬದಲಾಯ್ತು?

ಯಾಕೆ ಹೀಗೆ ಕೇಳ್ತೀನಿ ಅಂದರೆ, ಚಿಕ್ಕಂದಿನಲ್ಲಿ ಇಂಥದ್ದೊಂದು ಭೇಟಿಯನ್ನು ನಾನೂ ನೋಡಿದೀನಿ. ಅವರು ಪೇಜಾವರರಲ್ಲ, ಬೇರೆ ಮಠದವರು. ಯಾವ ಮಠ ಅಂತ ಹೇಳಲ್ಲ, ಅದು ಮುಖ್ಯವೂ ಅಲ್ಲ.

ನಾನಾಗ ಐದನೇ ಕ್ಲಾಸು. ಹಿಂದಿನ ದಿನ ಪಂಚಾಯ್ತಿಯವರು ಬಂದು ನಮ್ಮ ಕೇರಿಯ ಚರಂಡಿ ಬಳಿಸಿದರು, ಬ್ಲೀಚಿಂಗ್ ಪೌಡರು ಚೆಲ್ಲಿದರು. ಅದುವರೆಗೂ ಆ ಚರಂಡಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಾವಿನ ತೋರಣ ಕಟ್ಟಿದರು. ಊರಿನ ದೊಡ್ಡ ಮನೆಯವರೆಲ್ಲ ಮೊದಲ ಸಲ ನಮ್ಮ ಬೀದಿಗೆ ಬಂದರು. ನಮ್ಮವ್ವ ಹಿತ್ತಾಳೆ ಚೆಂಬನ್ನು ಹುಣಸೆಹಣ್ಣು ಹಾಕಿ ಫಳಫಳ ಅನ್ನೋ ಹಾಗೆ ತಿಕ್ಕಿ, ಬೆಲ್ಲ ಏಲಕ್ಕಿ ಹಾಕಿ ಪಾನಕ ಮಾಡಿ, ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದಳು. ಸ್ವಾಮಿಗಳು ಬಂದರು. ಹಿಂದೆ ಇದ್ದವನೊಬ್ಬ ಮುಂದೆ ಬಂದು "ಅದೆಲ್ಲ ಬೇಡಮ್ಮಾ, ಒಳಗಿಡು, ಸ್ವಾಮಿಗಳು ಮಡಿ" ಅಂದ. ಒರಟಾಗೇನೂ ಹೇಳಲಿಲ್ಲ, ಮೆತ್ತಗೇ ಹೇಳಿದ. ಸ್ವಾಮಿಗಳು ನಕ್ಕರು. ಮೇಲಿಂದ ನಮ್ಮ ಬೊಗಸೆಗೆ ಒಂದೊಂದು ಬಾಳೆಹಣ್ಣು ಬಿಟ್ಟರು. ಮುಂದೆ ಹೋದರು.

ಆ ಪಾನಕವನ್ನು ನಾವು ಮಕ್ಕಳು ಮೂರು ಮೂರು ಲೋಟ ಕುಡಿದು ಮುಗಿಸಿದೆವು. ಅವ್ವ ಬಾಯಿಗೆ ಹಾಕಿಕೊಳ್ಳಲಿಲ್ಲ.

ಮಾರನೇ ದಿನ ಅಪ್ಪನ ಜೊತೆ ಊರ ಹೋಟೆಲಿಗೆ ಹೋದೆ. ನಮ್ಮ ಲೋಟ ಹೊರಗಡೆ ಗೋಡೆಯ ಗೂಡಿನಲ್ಲೇ ಇತ್ತು. ಕುಡಿದು, ನಾವೇ ತೊಳೆದು, ಅಲ್ಲೇ ಬೋರಲು ಹಾಕಿ ಬಂದೆವು.

ಅವತ್ತಿಂದ ಇವತ್ತಿನವರೆಗೂ ಕೇರಿಗೆ ಬಂದ ಯಾವ ಸ್ವಾಮಿಗಳ ಫೋಟೋ ನೋಡಿದರೂ ನನಗೆ ಕಾಣೋದು ಆ ಹಿತ್ತಾಳೆ ಚೆಂಬೇ. ಕಾಲು ಕೇರಿಗೆ ಬಂತು, ಬಾಯಿ ಬರಲಿಲ್ಲ.

"ಯತಿಗಳಿಗೆ ಊಟದ ನಿಯಮ ಇರುತ್ತೆ, ಅವರು ಎಲ್ಲೂ ತಿನ್ನಲ್ಲ" ಅಂತ ಭಕ್ತರು ಕಮೆಂಟಿನಲ್ಲಿ ಬರೀತಾರೆ, ನನಗೆ ಗೊತ್ತು. ಆಗಲಿ. ಯತಿಗಳ ಎಲೆಯ ಸುದ್ದಿಗೆ ನಾನು ಹೋಗಲ್ಲ. ಅವರು ನಮ್ಮ ಮನೆಯಲ್ಲಿ ಉಣ್ಣದಿದ್ದರೆ ನಮಗೇನೂ ನಷ್ಟ ಇಲ್ಲ. ನನ್ನ ಪ್ರಶ್ನೆ ಮಠದ ಪಂಕ್ತಿಯದು. ಅಲ್ಲಿ ಯಾರ ಪಕ್ಕ ಯಾರು ಕೂರಬಹುದು ಅಂತ ತೀರ್ಮಾನ ಮಾಡೋರು ಯಾರು? ಉಡುಪಿಯಲ್ಲಿ ಅದನ್ನು ತೀರ್ಮಾನಿಸೋದು ಪರ್ಯಾಯ ಪೀಠದಲ್ಲಿ ಕೂತ ಸ್ವಾಮೀಜಿ.

ಇಲ್ಲಿ ಲೆಕ್ಕ ಹಾಕಿ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಪರ್ಯಾಯ. ಕೃಷ್ಣನ ಪೂಜೆ, ಅನ್ನಸಂತರ್ಪಣೆ, ಮಠದ ಆಡಳಿತ ಎಲ್ಲವೂ ಆ ಎರಡು ವರ್ಷ ಒಬ್ಬ ಯತಿಯ ಕೈಯಲ್ಲಿ. ವಿಶ್ವೇಶತೀರ್ಥರು ಒಂದಲ್ಲ ಎರಡಲ್ಲ, ಐದು ಪರ್ಯಾಯ ಮಾಡಿದರು. 1952, 1968, 1984, 2000, 2016. ವಾದಿರಾಜರ ನಂತರ ಐದು ಪರ್ಯಾಯ ಕಂಡವರು ಇವರೇ ಅಂತ ಭಕ್ತರು ಹೆಮ್ಮೆಯಿಂದ ಹೇಳ್ತಾರೆ. ಅಂದರೆ ಒಟ್ಟು ಹತ್ತು ವರ್ಷ ಆ ಮನೆಯ ಬೀಗದಕೈ ಇವರ ಸೊಂಟದಲ್ಲಿತ್ತು.

ಆ ಹತ್ತು ವರ್ಷದಲ್ಲಿ ಉಡುಪಿಯಲ್ಲಿ ಏನೇನು ನಡೀತು ನೋಡಿ.

ಎರಡನೇ ಪರ್ಯಾಯದಲ್ಲಿ, 1969ರ ಡಿಸೆಂಬರ್‌ನಲ್ಲಿ, ವಿಶ್ವ ಹಿಂದೂ ಪರಿಷತ್ತಿನ ದೊಡ್ಡ ಸಮ್ಮೇಳನ. ಹಿಂದೂಗಳೆಲ್ಲ ಅಣ್ಣತಮ್ಮಂದಿರು, ಯಾರೂ ಪತಿತರಲ್ಲ ಅಂತ ಮಠಾಧಿಪತಿಗಳು ಕೂಡಿ ಘೋಷಣೆ ಮಾಡಿದರು. ಇದನ್ನು ಇವತ್ತಿಗೂ ಕ್ರಾಂತಿ ಅಂತ ಹೇಳಿಕೊಂಡು ತಿರುಗ್ತಾರೆ. ಆದರೆ ಸ್ವಾಮೀ, ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದ್ದು 1950ರಲ್ಲಿ. 1955ರಲ್ಲಿ ಅದಕ್ಕೆ ಕಾನೂನೇ ಬಂತು, ಆಚರಿಸಿದರೆ ಜೈಲು. ಅಪರಾಧ ಅಂತ ದೇಶ ತೀರ್ಮಾನಿಸಿ ಹತ್ತೊಂಬತ್ತು ವರ್ಷ ಆದ ಮೇಲೆ "ಇದು ತಪ್ಪು" ಅಂತ ಹೇಳೋದು ಸಂತೋಷದ ವಿಷಯವೇ. ಅದಕ್ಕೆ ಕ್ರಾಂತಿ ಅನ್ನೋ ಹೆಸರು ಮಾತ್ರ ಬೇಡ.

ಮೂರನೇ ಪರ್ಯಾಯದಲ್ಲಿ, 1985ರಲ್ಲಿ, ಉಡುಪಿಯಲ್ಲೇ ಧರ್ಮ ಸಂಸದ್. ಅಯೋಧ್ಯೆಯ ಬೀಗ ತೆಗೀಬೇಕು ಅಂತ ಅಲ್ಲಿಂದ ಒತ್ತಾಯ ಹೋಯ್ತು. 1986ರ ಫೆಬ್ರವರಿ 1ರಂದು ಬೀಗ ತೆರೆದೇ ತೆರೀತು. ಮೂರ್ನಾಲ್ಕು ತಿಂಗಳು, ಅಷ್ಟೇ. ಉಡುಪಿಯಲ್ಲಿ ಕೂತು ಸುಮಾರು ಎರಡು ಸಾವಿರ ಕಿಲೋಮೀಟರ್ ದೂರದ ಬೀಗ ತೆಗೆಸುವ ಚಳವಳಿಗೆ ಬಲ ತುಂಬಿದವರಿಗೆ, ತಾವು ಕೂತ ಜಾಗದಿಂದ ಕೂಗಳತೆಯಲ್ಲಿದ್ದ ಊಟದ ಮನೆಯ ಬೀಗ ಯಾಕೆ ಕಾಣಲಿಲ್ಲ?

ಐದನೇ ಪರ್ಯಾಯದಲ್ಲಿ, 2017ರ ನವೆಂಬರ್‌ನಲ್ಲಿ, ಮತ್ತೆ ಧರ್ಮ ಸಂಸದ್. ಮತ್ತೆ ರಾಮಮಂದಿರ, ಗೋವು, ಮತಾಂತರ. ಅಸ್ಪೃಶ್ಯತೆ ಬೇಡ ಅನ್ನೋ ಮಾತೂ ಮತ್ತೆ ಬಂತು. ಮಾತಿಗೆ ಯಾವತ್ತೂ ಬರ ಇರಲಿಲ್ಲ.

ಇನ್ನು ಊಟದ ವಿಷಯ. 2014ರಲ್ಲಿ ಉಡುಪಿಯ ಕೃಷ್ಣಮಠದಲ್ಲಿ ಬ್ರಾಹ್ಮಣರ ಪಂಕ್ತಿಯಿಂದ ಬ್ರಾಹ್ಮಣೇತರ ಮಹಿಳೆಯೊಬ್ಬರನ್ನು ಎಬ್ಬಿಸಿದ್ದು ಪತ್ರಿಕೆಗಳಲ್ಲಿ ಬಂತು, ಪ್ರತಿಭಟನೆಗಳೂ ಆದವು. ಅದು ಪೇಜಾವರರ ಪರ್ಯಾಯ ಅಲ್ಲ, ಆ ತಪ್ಪನ್ನು ಅವರ ತಲೆಗೆ ಕಟ್ಟೋಕೆ ಬರಲ್ಲ. ಆದರೆ ಎಬ್ಬಿಸಲ್ಪಟ್ಟವರು ದಲಿತರೂ ಅಲ್ಲ ಅನ್ನೋದನ್ನ ಗಮನಿಸಿ. ಅವರಿಗೇ ಹೀಗಾದರೆ ನಮ್ಮ ಪಾಡೇನು? "ಸಾರ್ವಜನಿಕ ಭೋಜನಶಾಲೆಯಲ್ಲಿ ಎಲ್ಲರಿಗೂ ಊಟ ಇದೆಯಲ್ಲ, ಆಚಾರವಂತರಿಗೆ ಮಾತ್ರ ಬೇರೆ ಕಡೆ" ಅನ್ನೋದು ಮಠದ ಪರವಾಗಿ ಕೇಳಿಬರೋ ಸಮರ್ಥನೆ. ನಮ್ಮೂರ ಹೋಟೆಲಿನವನೂ ಇದನ್ನೇ ಹೇಳ್ತಿದ್ದ. "ನಿಮಗೂ ಟೀ ಕೊಡ್ತೀನಲ್ಲ, ಲೋಟ ಮಾತ್ರ ಬೇರೆ."

2016ರಲ್ಲಿ ಊನಾದಲ್ಲಿ ಸತ್ತ ದನದ ಚರ್ಮ ಸುಲಿದಿದ್ದಕ್ಕೆ ನಮ್ಮ ಹುಡುಗರನ್ನು ಕಟ್ಟಿ ಹೊಡೆದ ಮೇಲೆ, ಉಡುಪಿ ಜಿಲ್ಲೆಯಲ್ಲೇ ಗೋರಕ್ಷಣೆ ಹೆಸರಲ್ಲಿ ಒಬ್ಬ ಯುವಕನ ಕೊಲೆ ಆದ ಮೇಲೆ, ಆ ಅಕ್ಟೋಬರ್‌ನಲ್ಲಿ ಬೆಂಗಳೂರಿಂದ "ಚಲೋ ಉಡುಪಿ" ಜಾಥಾ ಹೊರಟಿತು. ನಿಮ್ಮಲ್ಲಿ ಎಷ್ಟೋ ಜನ ಅದರಲ್ಲಿದ್ದಿರಿ. ಆಹಾರ ನಮ್ಮ ಆಯ್ಕೆ, ಭೂಮಿ ನಮ್ಮ ಹಕ್ಕು ಅಂತ ಕೂಗಿದೆವು. ಪಂಕ್ತಿಭೇದ ನಿಲ್ಲಿಸಿ ಅಂತ ಕೇಳಿದೆವು. ಯಾರ ಮಠಕ್ಕೂ ಕಲ್ಲು ಹೊಡೆಯಲಿಲ್ಲ. ಅದಾದ ಎರಡೇ ವಾರಕ್ಕೆ ಇನ್ನೊಂದು ಗುಂಪು "ಕನಕ ನಡೆ" ಅಂತ ಹೆಸರಿಟ್ಟುಕೊಂಡು ಉಡುಪಿಯಲ್ಲಿ ಸ್ವಚ್ಛತಾ ಕಾರ್ಯಕ್ರಮ ಇಟ್ಟುಕೊಂಡಿತು. ಅದು ಬರೀ ಕಸ ಗುಡಿಸೋ ಕೆಲಸ ಅಂತ ಅವರ ವಿವರಣೆ. ದಲಿತರು ನಡೆದು ಹೋದ ಮೇಲೆ ಬೀದಿ ತೊಳೆಯೋದನ್ನು ನಾವು ತಲೆತಲಾಂತರದಿಂದ ನೋಡಿದೀವಿ. ನಮಗೆ ಯಾವ ವಿವರಣೆಯೂ ಬೇಕಿರಲಿಲ್ಲ. ಅದಕ್ಕೆ ಸಿಕ್ಕ ಹೆಸರು ನೋಡಿ, ಕನಕದಾಸರದು! ಗುಡಿಯ ಹೊರಗೆ ನಿಂತು ಕಿಂಡಿಯಲ್ಲಿ ಇಣುಕಬೇಕಾದ ಕುರುಬರ ಕವಿಯ ಹೆಸರು.

ಆಗ ಪರ್ಯಾಯ ಪೀಠದಲ್ಲಿದ್ದವರು ವಿಶ್ವೇಶತೀರ್ಥರು. ಕೇರಿ ಕೇರಿ ಸುತ್ತಿದ ಅದೇ ಯತಿ. ನಾವು ಅವರ ಬಾಗಿಲಿಗೆ ಬಂದಿದ್ದೆವು. ಅವರು ಹೊರಗೆ ಬಂದು, "ಬನ್ನಿ, ಒಂದೇ ಸಾಲಿನಲ್ಲಿ ಎಲೆ ಹಾಕಿಸ್ತೀನಿ, ಇವತ್ತಿಂದ ಈ ಮನೆಯಲ್ಲಿ ಎರಡು ಪಂಕ್ತಿ ಇಲ್ಲ" ಅಂದಿದ್ದರೆ? ಅಂದಿದ್ದರೆ ಇವತ್ತು ಈ ಪೋಸ್ಟ್ ಬರೆಯೋ ಅಗತ್ಯ ನನಗೆ ಇರುತ್ತಿರಲಿಲ್ಲ. ಆ ಹುಡುಗನ ಫೋಟೋ ಕೆಳಗೆ ನಾನೇ ಒಂದು ಹೂವು ಇಡ್ತಿದ್ದೆ.

ಮಡೆಸ್ನಾನದ ಕತೆಯೂ ಹೀಗೇ. ಚಂಪಾಷಷ್ಠಿಯಂದು ಬ್ರಾಹ್ಮಣರು ಉಂಡೆದ್ದ ಎಂಜಲೆಲೆಯ ಮೇಲೆ ಜನ ಉರುಳೋದು. ರಾಜ್ಯವೆಲ್ಲ ಛೀ ಥೂ ಅಂದಾಗ ಸ್ವಾಮೀಜಿ ಹುಡುಕಿದ ದಾರಿ ಎಡೆಸ್ನಾನ. ಎಂಜಲು ಬೇಡ, ದೇವರಿಗೆ ಎಡೆ ಇಟ್ಟ ಪ್ರಸಾದದ ಮೇಲೆ ಉರುಳಲಿ ಅಂತ. ಎಲೆ ಬದಲಾಯ್ತು, ಉರುಳೋ ದೇಹ ಬದಲಾಗಲಿಲ್ಲ. ಕೊನೆಗೆ ಕೃಷ್ಣಮಠದಲ್ಲಿ ಎರಡನ್ನೂ ನಿಲ್ಲಿಸಿದ್ದು 2018ರ ಡಿಸೆಂಬರ್‌ನಲ್ಲಿ, ಪಲಿಮಾರು ಸ್ವಾಮೀಜಿಯ ಪರ್ಯಾಯದಲ್ಲಿ. ಒಬ್ಬ ಪರ್ಯಾಯ ಸ್ವಾಮೀಜಿ ಬೇಡ ಅಂದರು, ನಿಂತಿತು. ಆಕಾಶ ಕಳಚಿ ಬೀಳಲಿಲ್ಲ. ಕೃಷ್ಣನೂ ಎಲ್ಲೂ ಎದ್ದು ಹೋಗಲಿಲ್ಲ. ಅಂದರೆ ಪರ್ಯಾಯ ಪೀಠದ ಒಂದು ಮಾತಿಗೆ ಎಷ್ಟು ಶಕ್ತಿ ಇದೆ ಅಂತ ಅವರೇ ತೋರಿಸಿಕೊಟ್ಟ ಹಾಗಾಯ್ತು.

"ಇದನ್ನೆಲ್ಲ ಸರ್ಕಾರ ಮಾಡಬೇಕು, ಕೋರ್ಟು ಮಾಡಬೇಕು" ಅನ್ನೋರಿಗೆ ಒಂದು ಮಾತು. 1954ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಪಾದ ಪ್ರಸಿದ್ಧ ಶಿರೂರು ಮಠದ ಪ್ರಕರಣ ಇದೇ ಅಷ್ಟಮಠಗಳಲ್ಲೊಂದರದು. ಒಂದು ಧರ್ಮದ ಅಗತ್ಯ ಆಚರಣೆ ಯಾವುದು ಅನ್ನೋದನ್ನ ಆ ಧರ್ಮದ ತತ್ವದಿಂದಲೇ ನೋಡಬೇಕು, ಸರ್ಕಾರ ಅದರೊಳಗೆ ಕೈ ಹಾಕಬಾರದು ಅಂತ ಆ ತೀರ್ಪು ಹೇಳಿತು. ನಾಲ್ಕು ವರ್ಷಕ್ಕೆ, 1958ರಲ್ಲಿ, ಅದೇ ಕರಾವಳಿಯ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣ ಬಂತು. ಎಲ್ಲ ಹಿಂದೂಗಳಿಗೂ ಒಳಗೆ ಪ್ರವೇಶ ಇದೆ ಅಂದ ಕೋರ್ಟು, ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಆ ಸಮುದಾಯದವರು ಮಾತ್ರ ಇರಬಹುದು ಅಂತಲೂ ಅಂದಿತು. ಕಾನೂನು ನಮ್ಮನ್ನು ಹೊಸಿಲು ದಾಟಿಸಿತು. ಅದರಿಂದಾಚೆ, ಗರ್ಭಗುಡಿ, ಪೀಠ, ಪಂಕ್ತಿ, ಇವು ಬಹುಪಾಲು ಸ್ವಾಮಿಗಳ ಮನಸ್ಸಿಗೇ ಉಳಿದವು. ಸರ್ಕಾರದ ಕೈ ಎಲ್ಲಿ ನಿಲ್ಲುತ್ತೋ ಅಲ್ಲಿಂದ ಅವರ ಜವಾಬ್ದಾರಿ ಶುರು. ಅದಕ್ಕೇ ಅವರನ್ನು ಕೇಳ್ತೀನಿ. ಬೇರೆ ಯಾರನ್ನು ಕೇಳಲಿ?

ಆಮೇಲೆ ದೀಕ್ಷೆ. ದಲಿತರಿಗೆ ವೈಷ್ಣವ ದೀಕ್ಷೆ ಕೊಡ್ತೀನಿ ಅಂತ ವಿಶ್ವೇಶತೀರ್ಥರು ಮುಂದೆ ಬಂದರು. ದೊಡ್ಡ ಸುದ್ದಿಯಾಯ್ತು. ದೀಕ್ಷೆ ತಗೊಂಡವನು ಮಾರನೇ ದಿನ ಏನಾಗ್ತಾನೆ? ಅವನು ಪೂರ್ಣಪ್ರಜ್ಞ ವಿದ್ಯಾಪೀಠ ಸೇರಿ, ಹತ್ತು ಹನ್ನೆರಡು ವರ್ಷ ವೇದಾಂತ ಓದಿ, ನ್ಯಾಯಸುಧಾ ಮಂಗಳ ಮಾಡಬಹುದಾ? ಹಾಗೆ ಮಾಡಿದ ಒಬ್ಬ ದಲಿತ ಹುಡುಗನನ್ನು ತೋರಿಸಿ, ನಾನು ಈ ಪೋಸ್ಟ್ ಡಿಲೀಟ್ ಮಾಡ್ತೀನಿ. ಅವನು ಪೇಜಾವರ ಪೀಠಕ್ಕೆ ಉತ್ತರಾಧಿಕಾರಿ ಆಗಬಹುದಾ? ಅವನ ತಂಗಿಗೆ ದೀಕ್ಷೆ ಕೊಟ್ಟವರ ಬಳಗದಲ್ಲಿ ಗಂಡು ಸಿಗುತ್ತಾ? ಇಲ್ಲ ಅಂದ ಮೇಲೆ ಅದು ದೀಕ್ಷೆ ಅಲ್ಲ, ಬೇಲಿ. ಹೊರಗೆ ಹೋಗದ ಹಾಗೆ ಹಾಕಿದ ಬೇಲಿ.

1956 ಅಂದೆನಲ್ಲ, ವಿದ್ಯಾಪೀಠ ಶುರುವಾದ ವರ್ಷ. ಅದೇ ವರ್ಷ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಬೌದ್ಧ ದೀಕ್ಷೆ ತಗೊಂಡರು. ಅದಕ್ಕೆ ಮೊದಲು ನಾಸಿಕದ ಕಾಳಾರಾಮ ಮಂದಿರದ ಬಾಗಿಲಲ್ಲಿ 1930ರಿಂದ ವರ್ಷಗಟ್ಟಲೆ ಸತ್ಯಾಗ್ರಹ ಮಾಡಿ ನೋಡಿದ್ದರು. ಬಾಗಿಲು ತೆರೆಯಲಿಲ್ಲ. 1936ರಲ್ಲಿ ಬರೆದ ಜಾತಿ ವಿನಾಶದ ಭಾಷಣದಲ್ಲಿ ಹಿಂದೂಗಳ ಮುಂದೆ ಅವರಿಟ್ಟ ಬೇಡಿಕೆ ಏನು ಗೊತ್ತಾ ತಮ್ಮಾ? ಪುರೋಹಿತಿಕೆ ಹುಟ್ಟಿನಿಂದ ಬರಬಾರದು, ಪರೀಕ್ಷೆ ಪಾಸು ಮಾಡಿದ ಯಾವ ಹಿಂದೂವಾದರೂ ಪುರೋಹಿತ ಆಗಬೇಕು, ಸರ್ಕಾರ ಅದಕ್ಕೆ ಸನದು ಕೊಡಬೇಕು ಅಂತ. ಸ್ವಾಮಿಗಳು ನಮ್ಮ ಕೇರಿಗೆ ಬಂದು ಹೋಗಲಿ ಅಂತ ಬಾಬಾಸಾಹೇಬರು ಯಾವತ್ತೂ ಕೇಳಲಿಲ್ಲ. "ಅಂಬೇಡ್ಕರ್ ಹೇಳಿದ್ದನ್ನೇ ಇವರು ಮಾಡಿದರು" ಅಂತ ಬರೆದೆಯಲ್ಲ, ಇದನ್ನು ಒಂದು ಸಲ ಓದು. ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ 2017ರಲ್ಲಿ ದಲಿತರನ್ನೂ ಅರ್ಚಕರಾಗಿ ಆರಿಸಿತು. ಬಾಬಾಸಾಹೇಬರು ಹೇಳಿದ್ದಕ್ಕೆ ಅದು ಹತ್ತಿರ.

"ಹಾಗಾದ್ರೆ ಮೇಲ್ಜಾತಿಯಲ್ಲಿ ಹುಟ್ಟಿದ ಸನ್ಯಾಸಿ ಏನು ಮಾಡಿದರೆ ನೀವು ಒಪ್ತೀರಿ?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಅದೇ ಕರಾವಳಿಯಲ್ಲಿದೆ, ಉಡುಪಿಯಿಂದ ಒಂದು ಗಂಟೆ ದಾರಿ.

ಮಂಗಳೂರಿನ ಕುದ್ಮುಲ್ ರಂಗರಾಯರು. 1859ರಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣ, ವಕೀಲ. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಮಕ್ಕಳಿಗೆ ಊಟ, ದೊಡ್ಡವರಿಗೆ ಕಸುಬು, ಮನೆಯಿಲ್ಲದವರಿಗೆ ನಿವೇಶನ. ಅವರ ಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಮಗಳು ರಾಧಾಬಾಯಿಯನ್ನು ಬೇರೆ ಜಾತಿಯ, ತಮಿಳುನಾಡಿನ ಸುಬ್ಬರಾಯನ್ ಅವರಿಗೆ ಮದುವೆ ಮಾಡಿ ಕೊಟ್ಟರು. ಕೊನೆಗಾಲದಲ್ಲಿ ಅವರೂ ಸನ್ಯಾಸ ತಗೊಂಡರು, ಈಶ್ವರಾನಂದ ಅಂತ. ಹೌದು, ಅವರೂ ಒಬ್ಬ ಹಿಂದೂ ಸನ್ಯಾಸಿಯೇ. 1928ರಲ್ಲಿ ತೀರಿಕೊಂಡಾಗ ತನ್ನ ಹೆಣವನ್ನು ದಲಿತರೇ ಹೊರಬೇಕು ಅಂತ ಮೊದಲೇ ಹೇಳಿಟ್ಟಿದ್ದರು. ತನ್ನ ಶಾಲೆಯಲ್ಲಿ ಓದಿದ ಮಕ್ಕಳು ದೊಡ್ಡ ಹುದ್ದೆಗೆ ಏರಿ ಕಾರಿನಲ್ಲಿ ಓಡಾಡಬೇಕು, ಆ ಗಾಲಿಯ ಧೂಳು ತನ್ನ ತಲೆಗೆ ತಾಕಬೇಕು ಅನ್ನೋದು ಅವರ ಆಸೆಯಾಗಿತ್ತು.

ವ್ಯತ್ಯಾಸ ಗೊತ್ತಾಯ್ತಲ್ಲ? ರಂಗರಾಯರು ತನ್ನ ಪಾದವನ್ನು ನಮ್ಮ ತಲೆಗೆ ಕೊಡಲಿಲ್ಲ, ನಮ್ಮ ಮಕ್ಕಳ ಗಾಲಿಯ ಧೂಳಿಗೆ ತನ್ನ ತಲೆ ಕೊಟ್ಟರು. ಅವರು ಜಾತಿ ಮುರಿಯೋಕೆ ಶುರು ಮಾಡಿದ್ದು ತನ್ನ ಮನೆಯಿಂದ, ಮಗಳ ಮದುವೆಯಿಂದ, ತನ್ನ ಹೆಣದಿಂದ. ಅದಕ್ಕೆ ಬೆಲೆ ತೆತ್ತರು. ಅವರಿಗೆ ಪೀಠ ಇರಲಿಲ್ಲ, ಪಲ್ಲಕ್ಕಿ ಇರಲಿಲ್ಲ.

ವಿಶ್ವೇಶತೀರ್ಥರು 2019ರ ಡಿಸೆಂಬರ್ 29ರಂದು ಉಡುಪಿಯಲ್ಲಿ ತೀರಿಕೊಂಡರು. ಸರ್ಕಾರಿ ಗೌರವ ಸಿಕ್ಕಿತು, ಮರುತಿಂಗಳೇ ಪದ್ಮವಿಭೂಷಣ ಘೋಷಣೆಯಾಯ್ತು. ಸರಳವಾಗಿ ಬದುಕಿದರು, ಕೊನೆವರೆಗೂ ದಣಿವಿಲ್ಲದೆ ಓಡಾಡಿದರು. ಅವರಿಗೆ ದಲಿತರ ಬಗ್ಗೆ ಕರುಣೆ ಇರಲಿಲ್ಲ ಅಂತ ನಾನು ಹೇಳಲ್ಲ. ಇತ್ತು. ನನ್ನ ತಕರಾರೇ ಆ ಕರುಣೆ ಬಗ್ಗೆ. ಕರುಣೆ ಯಾವಾಗಲೂ ಮೇಲಿಂದ ಕೆಳಗೆ ಇಳೀತದೆ, ಆ ಬಾಳೆಹಣ್ಣಿನ ಹಾಗೆ. ಸಮಾನತೆ ಪಕ್ಕದಲ್ಲಿ ಬಂದು ಕೂರ್ತದೆ.

ಇನ್ನೊಂದು ಮಾತು. ಪೇಜಾವರರೊಬ್ಬರನ್ನೇ ಹಿಡಿದು ಬೈದರೆ ನಾವು ಮೋಸ ಮಾಡಿದಂತೆ. ಲಿಂಗಾಯತ ಮಠಗಳಿವೆ, ಒಕ್ಕಲಿಗರ ಮಠ ಇದೆ, ಕುರುಬರ ಮಠ ಇದೆ. ನಮ್ಮ ನಮ್ಮಲ್ಲೇ ಎಡಗೈ ಬಲಗೈ ಅಂತ ಮಠ ಮಾಡಿಕೊಂಡಿದೀವಿ. ಎಡಗೈ ಮನೆಗೆ ಬಲಗೈನವರು ಹೆಣ್ಣು ಕೊಡಲ್ಲ. ಆ ಪಂಕ್ತಿಭೇದ ನಮ್ಮ ಕೇರಿಯೊಳಗೇ ಇದೆ. ಅದನ್ನು ಮುಚ್ಚಿಟ್ಟು ಉಡುಪಿಗೆ ಕಲ್ಲು ಬೀರೋ ಯೋಗ್ಯತೆ ನಮಗಿಲ್ಲ. ಆ ಕೆಲಸವೂ ಬಾಕಿ ಇದೆ, ಅದರ ಬಗ್ಗೆ ಇನ್ನೊಂದು ದಿನ ಬರೀತೀನಿ.

ಈಗ ನಿನ್ನ 500 ರೂಪಾಯಿ ವಿಷಯ ತಮ್ಮಾ.

ಸ್ವಾಮಿಗಳನ್ನು ಕರೀಬೇಡ ಅಂತ ನಾನು ಹೇಳಲ್ಲ. ಕರೀರಿ. ಬಂದವರಿಗೆ ಮರ್ಯಾದೆ ಕೊಡೋದು ನಮ್ಮ ಅವ್ವಂದಿರು ಕಲಿಸಿದ್ದು. ಆದರೆ ಕಾಲು ತೊಳೀಬೇಡಿ. ಒಂದು ಚಾಪೆ ಹಾಕಿ ಎಲ್ಲರೂ ಸಮಾ ಕೂತ್ಕೊಳ್ಳಿ, ಕೂತು ನಾಲ್ಕು ಮಾತು ಕೇಳಿ.

ಒಂದು: ನಿಮ್ಮ ಮಠದಲ್ಲಿ ಎಲ್ಲರಿಗೂ ಒಂದೇ ಪಂಕ್ತಿಯಾ? ಮುಂದಿನ ಭಾನುವಾರ ನಾವು ಐವತ್ತು ಜನ ಬರ್ತೀವಿ, ನಿಮ್ಮವರ ಜೊತೆ ಒಂದೇ ಸಾಲಿನಲ್ಲಿ ಎಲೆ ಹಾಕಿಸ್ತೀರಾ?

ಎರಡು: ನಮ್ಮ ಕೇರಿಯ ಒಂದು ಮಗುವನ್ನು ನಿಮ್ಮ ಪಾಠಶಾಲೆಗೆ ಸೇರಿಸ್ತೀವಿ. ಪೂಜೆ ಕಲಿಸಿ ಗರ್ಭಗುಡಿಗೆ ಬಿಡ್ತೀರಾ?

ಮೂರು: ನಿಮ್ಮ ಮಠದ ಶಾಲೆ, ಕಾಲೇಜು, ಆಸ್ಪತ್ರೆಯಲ್ಲಿ ಕಸ ಗುಡಿಸೋ ಕೆಲಸ ಬಿಟ್ಟು ಬೇರೆ ಕೆಲಸದಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ?

ನಾಲ್ಕು: ನಮ್ಮೂರ ದೇವಸ್ಥಾನಕ್ಕೆ ನಮ್ಮನ್ನು ಇವತ್ತಿಗೂ ಬಿಡಲ್ಲ, ಸೆಲೂನಿನಲ್ಲಿ ಕಟಿಂಗ್ ಮಾಡಲ್ಲ. ಬಿಡದೇ ಇರೋರೆಲ್ಲ ನಿಮ್ಮ ಭಕ್ತರೇ. ನಮ್ಮ ಕೇರಿಗೆ ಬರೋ ಬದಲು ಅವರ ಬೀದಿಗೆ ಪಾದಯಾತ್ರೆ ಹೋಗ್ತೀರಾ? ರೋಗ ಇರೋದು ಅಲ್ಲಿ. ಔಷಧಿ ಇಲ್ಲಿಗೆ ಯಾಕೆ ತರ್ತೀರಿ?

ನಾಲ್ಕಕ್ಕೂ ಬೇಡ, ಒಂದಕ್ಕೆ ಹೌದು ಅನ್ನಲಿ. ನನ್ನ ಮನೆಯ 500 ಅಲ್ಲ, 5000 ಕೊಡ್ತೀನಿ. ತೋರಣ ನಾನೇ ಕಟ್ತೀನಿ.

ಉತ್ತರ ಬರಲಿಲ್ಲ ಅಂದರೆ ಆ ದುಡ್ಡನ್ನು ಒಟ್ಟು ಮಾಡಿ ಅಂಬೇಡ್ಕರ್ ಭವನದಲ್ಲಿ ಮಕ್ಕಳಿಗೆ ಸಂಜೆ ಟ್ಯೂಷನ್ ಶುರು ಮಾಡಿ. ಪಿಯುಸಿ ಹುಡುಗಿಯರು ನಾಲ್ಕು ಜನ ಲೆಕ್ಕ, ಇಂಗ್ಲಿಷು ಹೇಳಿಕೊಡೋಕೆ ತಯಾರಿದ್ದಾರೆ. ಬೆಂಚು, ಬೋರ್ಡಿಗೆ ಅಷ್ಟು ದುಡ್ಡು ಸಾಕು.

ಫೋಟೋ ಬಗ್ಗೆ ಬೇಜಾರು ಮಾಡ್ಕೋಬೇಡ. ಇಟ್ಕೋ. ಆದರೆ ಅದರಲ್ಲಿ ನಡೆದು ಬರೋರನ್ನ ಮಾತ್ರ ನೋಡಬೇಡ, ಪಕ್ಕದಲ್ಲಿ ಕೈ ಮುಗಿದು ನಿಂತಿರೋ ನಮ್ಮೋರನ್ನೂ ನೋಡು. ಆ ಫೋಟೋಗೆ ಐವತ್ತು ವರ್ಷ ಆಗ್ತಾ ಬಂತು. ಅವರಿನ್ನೂ ನಿಂತೇ ಇದ್ದಾರೆ ಕಣೋ. ಕೂರೋಕೆ ಯಾರೂ ಹೇಳಿಲ್ಲ.

ಜೈ ಭೀಮ್.